ಉಲ್ಟಾ ಗೆರೆ

ಮೇಸ್ತ್ರಿ ಮೌಲಾಸಾಬ್ ಗ್ಯಾಸ್ಕೆಟ್ಟಿನ ತೆಳು ಹಾಳೆಯನ್ನು ಮಗುಚಿ ಇಟ್ಟ ಕೂಡಲೇ ಅದು ಇಂಜಿನ್ ಹೆಡ್ಡಿನ ಮೇಲೆ ಗೀರಿದ್ದ ಗೆರೆಗೆ ಕೂದಲಿನಷ್ಟೂ ತಪ್ಪದೆ ಕೂತಿತು. ಮೋಮಿನಪುರದ ಆ ಗ್ಯಾರೇಜಿನಲ್ಲಿ ನಾಗರತ್ನಾ ಮತ್ತು ಅವಳ ಮೈದುನ ಧರ್ಮರಾಜ ಬಗ್ಗಿ ನೋಡಿದರು.

"ನೋಡ್ರಿ ತಂಗಿ, ಇವು ಗಾಳಿ ಒಳಗ ಹೋಗೋ ತೂತು. ಗಾಳಿ ತರೋ ಕೊಳವಿ, ಮ್ಯಾನಿಫೋಲ್ಡ್, ಅದರ ಬಾಯಿಗೆ ಸರಿ ಕೂಡಲಿ ಅಂತ ಗ್ಯಾಸ್ಕೆಟ್ ಇಟ್ಟು ಗೆರಿ ಹೊಡದು, ಆ ಗೆರಿತನಕ ತೂತು ತಿಕ್ಕಿ ಅಗಲ ಮಾಡತಾರ. ಇಲ್ಲಿ ಉಲ್ಟಾ ಇಟ್ಟು ಹೊಡದಾರ. ತಿಕ್ಕಬಾರದ ಕಡಿ ತಿಕ್ಕಿ, ಇಂಜಿನ್ ತಂಪು ಮಾಡೋ ನೀರಿನ ದಾರಿನೇ ತೂತಾಗ್ಯದ. ನೀರು ಒಳಗ ನುಗ್ಗಿ ಇಂಜಿನ್ ನಿಂತದ. ಯಾವ ಉಸ್ತಾದ ಮಾಡ್ಯಾನ್ರೀ ಇದು?"

ಕಮಲಾಪುರದ ಹತ್ತಿರ ಹಾಗೆ ನಿಂತ ಕಾರಿನಿಂದ ಇಳಿದು ಬಾನೆಟ್ ಎತ್ತುತ್ತಿದ್ದಾಗಲೇ ಅವಳ ಗಂಡ ಮಹಾದೇವನಿಗೆ ಲಾರಿ ಬಡಿದಿತ್ತು. ರೇಡಿಯೇಟರಿನ ನೀರು ನೋಡದೆ ಗಾಡಿ ಓಡಿಸಿ ತಾನೇ ಸಾವು ತಂದುಕೊಂಡ ಎಂದು ಮನೆಯಲ್ಲಿ ಎಲ್ಲರೂ ಅನ್ನುತ್ತಿದ್ದರು. ಅತ್ತೆ ಅಳುವುದನ್ನೂ ಬಿಟ್ಟು ಮಗನನ್ನು ಬೈಯುತ್ತಿದ್ದರು.

"ಅಣ್ಣನೇ ತಿಕ್ಕಿದ್ದ," ಎಂದ ಧರ್ಮರಾಜ. "ಗಾಡಿ ಹುಚ್ಚು. ಯಾರ ಮಾತೂ ಕೇಳತಿದ್ದಿಲ್ಲ."

ನಾಗರತ್ನಾ ಆ ಗೆರೆಯ ಮೇಲೆ ಬೆರಳಾಡಿಸಿದಳು. ಅಲ್ಯೂಮಿನಿಯಮ್ಮಿನ ಪುಡಿ ಉಗುರಿಗೆ ಅಂಟಿತು.

"ನೀವಿಬ್ರೂ ಕೂಡಿ ಹೆಡ್ ಬಿಚ್ಚಿದಾಗ ಅವರ ಬಲಗೈಗೆ ಪ್ಲಾಸ್ಟರ್ ಇತ್ತು, ಧರ್ಮಾ. ರೊಟ್ಟಿ ಸುದ್ದಾ ನಾನೇ ಮುರದು ಕೊಡತಿದ್ದೆ."

ಮೌಲಾಸಾಬ್ ಗ್ಯಾಸ್ಕೆಟ್ ಎತ್ತಿಕೊಂಡು ಅತ್ತ ತಿರುಗಿದ. ಧರ್ಮರಾಜ ಹೆಡ್ಡಿನ ಮೇಲಿನ ಗೆರೆಯನ್ನು ಅಂಗೈಯಿಂದ ಮುಚ್ಚಿದ.

"ವೈನಿ," ಎಂದ, "ಅವ್ವಗ ಹೇಳಬ್ಯಾಡ್ರಿ."