ಎಲ್ಡರ್ ಬ್ರಿಗ್ಸ್‌ನ ಸೂತಕ

ಈ ಮೂಲಕ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ತಾಲೂಕುಗಳ ಸಮಸ್ತ ಮಹಾಜನತೆಗೆ ತಿಳಿಯಪಡಿಸುವುದೇನೆಂದರೆ, ಸಾವಿರದ ಒಂಬೈನೂರಾ ತೊಂಬತ್ತಾರನೆಯ ಇಸವಿಯ ಒಂದು ಸೋಮವಾರ ಮುಂಜಾನೆ, ಅಮೆರಿಕದ ಎಲ್ಡರ್ ಬ್ರಿಗ್ಸ್ ಅವರು ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯಲಿಲ್ಲ.

ಎಲ್ಡರ್ ಅಂದರೆ ಹಿರಿಯ. ಈ ಹಿರಿಯನ ವಯಸ್ಸು ಇಪ್ಪತ್ತೊಂದು, ಮುಖ ಅದಕ್ಕಿಂತಲೂ ಕಿರಿಯದು. ಮಾರ್ಮನ್ ಪಂಥದ ಪ್ರಚಾರಕ; ಬಿಳಿ ಅಂಗಿ, ಕರಿ ಟೈ, ಎದೆಯ ಮೇಲೆ ಹೆಸರಿನ ಬಿಲ್ಲೆ. ಆ ಪಂಥದವರಿಗೆ ಚಹಾ ನಿಷಿದ್ಧ. ಎರಡು ವರ್ಷದ ಸೇವೆ ಮುಗಿಯಲು ಇದೊಂದೇ ವಾರ ಬಾಕಿ, ಈತನಕ ಒಬ್ಬನಿಗೂ ದೀಕ್ಷಾಸ್ನಾನ ಮಾಡಿಸಿರಲಿಲ್ಲ. ಅವನ ಅಪ್ಪ ತನ್ನ ಕಾಲದಲ್ಲಿ ಬ್ರೆಜಿಲಿಗೆ ಹೋಗಿ ನಲವತ್ತು ಜನರನ್ನು ನೀರಿನಲ್ಲಿ ಮುಳುಗಿಸಿ ಎಬ್ಬಿಸಿದ್ದ. ಮಗ ಒಬ್ಬನನ್ನಾದರೂ ಮುಳುಗಿಸದೆ ಊರಿಗೆ ಹೋದರೆ ಮನೆತನದ ಮರ್ಯಾದೆಯೇ ಮುಳುಗುತ್ತಿತ್ತು.

"ಯಾಕ್ರೀ, ಮನ್ಯಾಗ ಏನರ ಆಗೇತೇನು?" ಎಂದು ಕೇಳಿದ ಚಹಾದಂಗಡಿಯ ಗೂಡುಸಾಬ. ಈ ಕಡೆ ಕೊಟ್ಟ ಚಹಾ ಒಲ್ಲೆ ಅನ್ನುವುದಕ್ಕೆ ಎರಡೇ ಕಾರಣ: ಹಗೆತನ, ಇಲ್ಲವೇ ಸೂತಕ. ಹೊಸಬನಿಗೆ ಹಗೆತನ ಎಲ್ಲಿಂದ ಬರಬೇಕು? ಜೊತೆಗಿದ್ದ, ಅದೇ ಪಂಥದ ಪ್ರಚಾರಕ, ರಾಜಮಂಡ್ರಿಯ ಎಲ್ಡರ್ ಪ್ರಭುದಾಸನಿಗೆ ಈ ಊರ ಮಾತು ತಿಳಿಯುತ್ತಿತ್ತು. ಅವನು ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ, ತಲೆ ತಗ್ಗಿಸಿದ. ಗೂಡುಸಾಬ ಲೊಚಗುಟ್ಟಿ ಇಬ್ಬರ ಕೈಗೂ ಒಂದೊಂದು ಬಾಳೆಹಣ್ಣು ಇಟ್ಟ.

ಗುರುವಾರ ಬ್ಯಾಡಗಿ. ಮೆಣಸಿನಕಾಯಿ ಪೇಟೆಯಲ್ಲಿ ಕಾಲಿಟ್ಟದ್ದೇ ತಡ, ಬ್ರಿಗ್ಸ್‌ನ ಕಣ್ಣು ಮೂಗು ಕೂಡಿಯೇ ಕಟ್ಟೆಯೊಡೆದವು. ಒಟ್ಟಿದ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದ ಮೈಲವ್ವ ಕೈ ನಿಲ್ಲಿಸಿದಳು. "ಚಾನೂ ಒಲ್ಲೆ ಅಂತೈತಿ, ಒಂದ ಸವನ ಅಳಾಕತ್ತೈತಿ. ಅಪ್ಪ ಹೋದನೇನ್ ಇದಕ್ಕ?" ಪ್ರಭುದಾಸ ಎರಡನೆಯ ಸಲ ತಲೆ ತಗ್ಗಿಸಿದ. "ಅಯ್ಯ ನನ ಕೂಸ!" ಎಂದು ಮೈಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೆರಗಿನಲ್ಲೂ ಖಾರವಿತ್ತು, ಆಕೆಯೂ ಅತ್ತಳು.

ಅಲ್ಲಿಂದ ಮುಂದೆ ಕದಗಳು ತಾವಾಗಿಯೇ ತೆರೆದವು. ಹೋದಲ್ಲಿ ಚಾಪೆ ಹಾಸಿದರು, ಬೋಧನೆ ಮುಗಿಯುವ ತನಕ ಯಾರೂ ಏಳಲಿಲ್ಲ. ದುಃಖದಲ್ಲಿರುವವನ ಮಾತು ನಡುವೆ ಕಡಿಯಬಾರದಲ್ಲ! ಬ್ರಿಗ್ಸ್ ಮಾತ್ರ ಇದೆಲ್ಲ ಪವಿತ್ರಾತ್ಮನ ಕೆಲಸವೆಂದು ತಿಳಿದ. ವಾರವೆಲ್ಲ ಸಂಜೆಗೊಮ್ಮೆ ಅವನು ಹೋಗಿ ಕೂಡುತ್ತಿದ್ದದ್ದು ರಾಣೆಬೆನ್ನೂರಿನಲ್ಲಿ ರೇಡಿಯೋ ರಿಪೇರಿ ಮಾಡುವ ಪರಮೇಶಪ್ಪನ ಮನೆಯಲ್ಲಿ. ಪರಮೇಶಪ್ಪನ ತಾಯಿ ಮಂಗಳವ್ವ ಮೈಲವ್ವನ ಅಕ್ಕ. ಸುದ್ದಿ ಮೊದಲ ಬಸ್ಸಿಗೇ ಬಂದು ಮುಟ್ಟಿತ್ತು. ಶುಕ್ರವಾರ ಪರಮೇಶಪ್ಪ ದೀಕ್ಷಾಸ್ನಾನಕ್ಕೂ ಒಪ್ಪಿಬಿಟ್ಟ.

"ಅಲ್ಲಬೇ, ತಂದಿ ಕಳಕೊಂಡ ಹುಡುಗ ಇಷ್ಟ್ ಬೇಡಕೊಳ್ಳಾಕತ್ತಾನ," ಎಂದು ಅವ್ವನಿಗೆ ಹೇಳಿದ. "ಒಮ್ಮಿ ಹೊಳ್ಯಾಗ ಮುಳುಗಿ ಎದ್ರ ನಂದೇನ್ ಸವೀತೈತಿ?"

ಭಾನುವಾರ ಐರಣಿ. ಬ್ರಿಗ್ಸ್ ಬಿಳಿ ಬಟ್ಟೆಯಲ್ಲಿ ತುಂಗಭದ್ರೆಗೆ ನಡುಮಟ ಇಳಿದು ಕೈ ಚಾಚಿದ. ಪರಮೇಶಪ್ಪ ಅಂಗಿ ಕಳಚುವಷ್ಟರಲ್ಲಿ ಮಂಗಳವ್ವ ಚಹಾದ ಕಿಟ್ಲಿ ಹಿಡಿದು ಮಗನಿಗೆ ಅಡ್ಡ ನಿಂತಳು. "ತಡೀಪಾ. ಮೊದ್ಲ ನೀ ಒಂದ್ ಮುಳುಗು ಹಾಕು. ಆಮ್ಯಾಲೆ ಈ ಚಾ ಕುಡಿ, ಸೂತಕ ಕಳೀಲಿ. ಸೂತಕದ ಕೈಲೆ ನನ್ನ ಮಗನ್ನ ಮುಟ್ಟಬ್ಯಾಡ."

ಪ್ರಭುದಾಸ ಸಣ್ಣ ದನಿಯಲ್ಲಿ ಇಂಗ್ಲಿಷಿನಲ್ಲಿ ತಿಳಿಸಿದ. ಬ್ರಿಗ್ಸ್ ಹೌಹಾರಿ, ಪುಸ್ತಕದಿಂದ ಕಲಿತ ಕನ್ನಡವನ್ನೆಲ್ಲ ಒಟ್ಟುಗೂಡಿಸಿ ಕೂಗಿದ: "ನನ್ನ ತಂದೆಯವರು ಜೀವಂತವಾಗಿದ್ದಾರೆ! ಆಲೂಗಡ್ಡೆ ಬೆಳೆಯುತ್ತಿದ್ದಾರೆ!"

ಪರಮೇಶಪ್ಪನ ಮುಖ ಗಂಟಿಕ್ಕಿತು. "ಯಾರೂ ಸತ್ತಿಲ್ಲ?"

"ಯಾರೂ ಸತ್ತಿಲ್ಲ!"

"ಹಂಗಾರ ವಾರ ಪೂರ್ತಿ ನಮ್ಮವ್ವ ಕೊಟ್ಟ ಚಾ ಒಲ್ಲೆ ಅಂದದ್ದು ಬೇಕಂತನ? ನಮ್ಮ ಮನಿ ಚಾಕ್ಕ ಏನ್ ದಾಡಿ ಆಗಿತ್ತು? ನಡಿಯಬೇ, ಹೋಗೂಣು." ಅಂಗಿಯನ್ನು ಮತ್ತೆ ತೋಳಿಗೇರಿಸಿದ.

ಬ್ರಿಗ್ಸ್ ಮನಸ್ಸಿನಲ್ಲೇ ತೂಗಿ ನೋಡಿದ: ಒಂದು ಕಡೆ ಒಂದು ಗುಟುಕು, ಇನ್ನೊಂದು ಕಡೆ ಒಂದು ಆತ್ಮ. ಮಂಗಳವ್ವ ತುಂಬಿ ಚಾಚಿದ ಲೋಟ ಕಸಿದುಕೊಂಡು ಕಣ್ಣು ಮುಚ್ಚಿ ಎತ್ತಿದ. ಶುಂಠಿ, ಯಾಲಕ್ಕಿ, ಗಟ್ಟಿ ಹಾಲು. ಮೊದಲ ಗುಟುಕು ಪರಮೇಶಪ್ಪನ ಆತ್ಮಕ್ಕಾಗಿ. ಎರಡನೆಯದು ಯಾರ ಆತ್ಮಕ್ಕಾಗಿ ಎಂದು ಅವನಿಗೂ ಗೊತ್ತಾಗಲಿಲ್ಲ, ಅಷ್ಟರಲ್ಲಿ ಲೋಟದ ತಳ ಕಂಡಿತ್ತು.

ಪರಮೇಶಪ್ಪನ ಮುಖ ಅರಳಿತು. ಧಡಧಡ ನೀರಿಗಿಳಿದ. "ಈಗ ಮುಳುಗಸ್ರಿ! ಎಷ್ಟ್ ಸಲ ಬೇಕಾರ ಮುಳುಗಸ್ರಿ!"

ಬ್ರಿಗ್ಸ್ ಬಲಗೈ ಎತ್ತಿದ. ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಚಹಾ ಕುಡಿದು ವ್ರತಭಂಗವಾದ ಕೈ ಅದು. ಬೆಂಗಳೂರಿನ ಹಿರಿಯರ ಮುಂದೆ ತಪ್ಪೊಪ್ಪಿಕೊಳ್ಳುವ ತನಕ ಇನ್ನೊಬ್ಬರಿಗೆ ದೀಕ್ಷೆ ಕೊಡುವ ಯೋಗ್ಯತೆ ಅದಕ್ಕಿಲ್ಲವೆಂದು ಅವನ ನಂಬಿಕೆ. ಬೆಂಗಳೂರಿಗೆ ಹೋದರೆ ಅಲ್ಲಿಂದಲೇ ವಿಮಾನ. ಆದರೂ ಒಂದು ದಾರಿ ಉಳಿದಿತ್ತು.

"ಪ್ರಭುದಾಸ್, ನೀನು ಇಳಿ! ನಿನ್ನ ಕೈ ಶುದ್ಧ!"

ಪ್ರಭುದಾಸ ಮೂರನೆಯ ಸಲ ತಲೆ ತಗ್ಗಿಸಿದ.

ಮಂಗಳವ್ವ ಇನ್ನೊಂದು ಲೋಟ ತುಂಬಿ ಅವನ ಕೈಗಿಟ್ಟು, ಬ್ರಿಗ್ಸ್‌ನ ಕಡೆ ತಿರುಗಿ ಅಕ್ಕರೆಯಿಂದ ಅಂದಳು: "ಇಂವನ್ನ ನೋಡಿ ಕಲೀಪಾ. ಒಂದಿನಾನೂ ಒಲ್ಲೆ ಅಂದಾಂವಲ್ಲ. ನೀ ಕಣ್ಣ ಮುಚ್ಚಿ ಪ್ರಾರ್ಥನಿ ಮಾಡೂವಾಗೆಲ್ಲ ಒಂದ್ ಲೋಟ ಮುಗಸ್ತಿದ್ದ. ಪ್ರಾರ್ಥನಿ ಉದ್ದ ಆದ ದಿನ, ಎರಡು."