ಕಳಚಿದ ಚೀಟಿ

ಇಂದ್ರೇಶ್ ಮೇಷ್ಟ್ರು ತೀರಿಕೊಂಡ ಸುದ್ದಿ ಜಾವಗಲ್‌ನಿಂದ ಬಂದ ಬೆಳಿಗ್ಗೆ, ಅವರ ಗೆಳೆಯ ಜಯದೇವಪ್ಪ ಸಾವಿನ ಮನೆಗೆ ಹೊರಡುವ ಮೊದಲು ಬೇಲೂರಿನ ಕಾಲೇಜಿನ ಪ್ರಯೋಗಶಾಲೆಗೆ ಹೋದರು. ಯಾರ ನೇರಳೆ ಬೀಜದ ಸಾರ ಮೇಲು ಎಂಬ ಇಬ್ಬರ ನಡುವಿನ ಪೈಪೋಟಿಯ ಫಲಿತಾಂಶ ನೋಡದೆ ಅವರ ಕಾಲು ಮುಂದೆ ಹೋಗಲಿಲ್ಲ. ಮೇಜಿನ ಮೇಲೆ ಆ ಸಾರದ ಎರಡು ಸೀಸೆಗಳಿದ್ದವು. ಒಂದು ತಮ್ಮದು, ಒಂದು ಇಂದ್ರೇಶರದು. ಸ್ಪಿರಿಟ್ ತಾಗಿ ಎರಡರ ಚೀಟಿಗಳೂ ಕಳಚಿ ಬಿದ್ದಿದ್ದವು.

ವಿದ್ಯಾರ್ಥಿನಿ ಅಕ್ಷತಾ ಎರಡು ಸಾರಗಳನ್ನೂ ಊದಾ ದ್ರಾವಣದ ಎರಡು ಕೊಳವೆಗಳಿಗೆ ಬಿಟ್ಟಿದ್ದಳು. ಸಾರದ ಆಂಟಿಆಕ್ಸಿಡೆಂಟ್ ಗುಣ ಹೆಚ್ಚಿದ್ದಷ್ಟೂ ಊದಾ ಬಣ್ಣ ಮಾಸಿ ಹಳದಿಯಾಗುತ್ತದೆ. ಒಂದು ಕೊಳವೆ ಆಗಲೇ ತಿಳಿಹಳದಿಯಾಗಿತ್ತು. ಇನ್ನೊಂದು ಮಸುಕಾಗಿತ್ತು, ಅಷ್ಟೆ.

“ಸರ್, ಗೆದ್ದಿದ್ದು ಯಾರ ಸೀಸೆ? ಪ್ರಬಂಧ ಇವತ್ತೇ ಟೈಪಿಗೆ ಕೊಡ್ಬೇಕು. ಯಾರ ಹೆಸರು ಹಾಕ್ಲಿ?” ಎಂದು ಅಕ್ಷತಾ ಕೇಳಿದಳು.

ಗೆದ್ದ ಸಾರ ಕೆಂಪಗಿತ್ತು. ಅದು ಇಂದ್ರೇಶರದೆಂದು ಬಲ್ಲವರು ಈಗ ಜಯದೇವಪ್ಪ ಒಬ್ಬರೇ. ಸತ್ತವರ ಮೇಲೂ ಅವರಿಗೆ ಹೊಟ್ಟೆ ಉರಿಯಿತು. ಇಂದ್ರೇಶರು ನೆರಳಲ್ಲಿ ಬೀಜ ಒಣಗಿಸುವಾಗ ಜಯದೇವಪ್ಪನವರೇ ಹಂಗಿಸಿದ್ದರು: “ಏನ್ಲಾ, ನಿನ್ನ ಬೀಜಕ್ಕೆ ಛತ್ರಿ ಬೇರೆ ಹಿಡೀಬೇಕಾ?” ಇಂದ್ರೇಶರು ನಕ್ಕಿದ್ದರು. “ಬಿಸಿಲಿಗೆ ಸತ್ವ ಹೋಯ್ತದೆ ಕಣೋ. ನೀನೂ ನೆರಳಲ್ಲೇ ಒಣಗಿಸು.” ಗುಟ್ಟನ್ನು ಬಚ್ಚಿಡದೆ ಹೇಳಿದ್ದರು, ಕೇಳದವರು ತಾವು. ಬಿಸಿಲಲ್ಲಿ ಒಣಗಿದ ತಮ್ಮ ಬೀಜದ ಸಾರ ಕಪ್ಪಗಾಗಿತ್ತು.

“ನಂದು” ಎಂಬ ಮಾತು ನಾಲಿಗೆಯ ತನಕ ಬಂದಿತ್ತು. ಜಯದೇವಪ್ಪ ಅದನ್ನು ನುಂಗಿ, ಇಂದ್ರೇಶರ ಚೀಟಿಗೆ ಗೋಂದು ಹಚ್ಚಿ ಕೆಂಪು ಸಾರದ ಸೀಸೆಗೆ ಅಂಟಿಸಿದರು. ಅದು ಕೂರುವವರೆಗೂ ಹೆಬ್ಬೆರಳಿನಿಂದ ಒತ್ತಿ ಹಿಡಿದರು.

“ಶಿವನೇ, ಅವನನ್ನು ನಿನ್ನ ನೆರಳಲ್ಲಿಟ್ಟುಕೋ. ಅವನ ಜೀವಕ್ಕೆ ಶಾಂತಿ ಕೊಡು.”