ಗೂಡು ತೊಳೆಯುವವರು ಯಾರು?

ಮುಂಗುಸಿಯಂತಿದ್ದ ಸಾಕು ಫೆರೆಟ್ ಟ್ಯಾನ್ಸಿ ಓಡಿಹೋಯಿತೆಂಬ ಮಾತನ್ನು ತಾನು ನಂಬುತ್ತಿಲ್ಲವೆಂದು ಹೆಸ್ಟರ್ ಜೂನ್ ತಿಂಗಳಲ್ಲೇ ದಿನಚರಿಯಲ್ಲಿ ಬರೆದಿದ್ದಳು. ಮರುದಿನ ಆ ಸಾಲಿನ ಮೇಲೆ ಗೀಟು ಎಳೆದಿದ್ದಳು. ಅಮ್ಮನ ಮನೆಗೆ ಎರಡು ದಿನ ಹೋಗಿ ಬರುವಷ್ಟರಲ್ಲಿ ಫೆರೆಟ್ಟಿನ ಗೂಡು ಖಾಲಿಯಾಗಿತ್ತು. ಬಾಗಿಲು ತೆಗೆದಾಗ ತಪ್ಪಿಸಿಕೊಂಡಿತು ಎಂದು ಡೇಲ್ ಹೇಳಿದ್ದ. ಮದುವೆಯಾಗಲಿರುವವನ ಮಾತನ್ನು ನಂಬದೆ ಇರುವುದಾದರೂ ಹೇಗೆ? ಈಗ ಮದುವೆಗೆ ಮೂರೇ ವಾರ. ಡೇಲ್ ಇನ್ನೊಂದು ಫೆರೆಟ್ ತರಲು ಹೊರಟಿದ್ದ, ಅವಳನ್ನೂ ಕರೆತಂದಿದ್ದ. "ಮುದುಕ ಸಿಕ್ಕಾಪಟ್ಟೆ ಪ್ರಶ್ನೆ ಕೇಳ್ತಾನಂತೆ. ನೀನು ಸುಮ್ನೆ ನಗ್ತಾ ನಿಂತ್ಕೋ ಸಾಕು" ಎಂದು ದಾರಿಯಲ್ಲಿ ಮೂರು ಸಲ ಹೇಳಿದ್ದ.

ಬಾರ್ನ್ಸ್ಲಿ ಊರಿನ ಹೊರಗೆ, ಹಳೆಯ ಗಣಿ ಕೆಲಸಗಾರರ ತರಕಾರಿ ತೋಟಗಳ ತುದಿಯಲ್ಲಿ ಫೆರೆಟ್ ಸಾಕುವ ಮುದುಕ ವಿಲ್ಫ್ ಹೆಪ್ವರ್ತನ ಶೆಡ್ಡು. ಮುದುಕ ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದ. ಅವನ ಕೋಟಿನ ಎದೆಯೊಳಗಿಂದ ಕೆನೆಬಣ್ಣದ ಹೆಣ್ಣು ಫೆರೆಟ್ಟೊಂದು ಮೂತಿ ಹೊರಚಾಚಿ ಬಂದವರನ್ನು ಮೂಸುತ್ತಿತ್ತು.

"ಎಂಟು ವರ್ಷ ಬದುಕುತ್ತೆ. ಎಂಟು ವರ್ಷಾನೂ ನಾತ ಹೊಡೆಯುತ್ತೆ. ಗೊತ್ತಾ?"

"ಗೊತ್ತು ಅಜ್ಜ. ನಮ್ಮ ಚಿಕ್ಕಪ್ಪನ ಬೂಟಿಗಿಂತ ವಾಸಿ ಬಿಡಿ."

ಮುದುಕ ನಗಲಿಲ್ಲ. "ನೀವು ಪರ ಊರಿಗೆ ಹೋದ್ರೆ?"

"ನಮ್ಮಮ್ಮ ನೋಡ್ಕೋತಾಳೆ."

"ಅವಳನ್ನ ಕೇಳಿದ್ದೀಯಾ?"

"ಏನಜ್ಜ ಇದು, ಹೆಣ್ಣು ಕೇಳೋಕೆ ಬಂದಂಗಾಯ್ತಲ್ಲ!"

"ನನ್ನ ಮಗಳನ್ನ ಕೊಡೋವಾಗ ಇಷ್ಟು ಕೇಳ್ಲಿಲ್ಲ. ಬುದ್ಧಿ ಬಂದಿದ್ದು ಆಮೇಲೆ." ಮುದುಕ ಫೆರೆಟ್ಟಿನ ಕತ್ತು ಸವರಿದ. "ಮುಂಚೆ ಯಾವತ್ತಾದ್ರೂ ಸಾಕಿದ್ಯಾ?"

"ಒಂದಿತ್ತು. ಹೆಣ್ಣೇ. ಓಡಿಹೋಗ್ಬಿಡ್ತು."

"ಯಾವಾಗ?"

"ಜೂನಲ್ಲಿ."

ಸವರುತ್ತಿದ್ದ ಬೆರಳು ಅಲ್ಲೇ ನಿಂತಿತು. "ಬೆದೆಯ ಸೂಜಿ ಹಾಕಿಸಿದ್ಯೇನಪ್ಪ?"

"ಅಯ್ಯೋ, ಹಾಕಿಸ್ದೇ ಇರ್ತೀನಾ? ಮುತುವರ್ಜಿಯಿಂದ ಕರ್ಕೊಂಡ್ಹೋಗಿ ಹಾಕಿಸ್ದೆ. ಕ್ರಿಸ್ಮಸ್ಸಿನ ಹೊತ್ತಿಗೆ."

ಸುಳ್ಳು ಹೇಳುವಾಗ ಡೇಲನ ದನಿ ಇನ್ನಷ್ಟು ಸಿಹಿಯಾಗುತ್ತದೆ. ಇದನ್ನು ತಾನು ಯಾವಾಗ ಕಂಡುಕೊಂಡೆ ಎಂದು ಹೆಸ್ಟರಳಿಗೆ ನೆನಪಾಗಲಿಲ್ಲ. ಕಂಡುಕೊಂಡದ್ದಂತೂ ನಿಜ, ಎಲ್ಲಿಯೂ ಬರೆದಿಡಲಿಲ್ಲ ಅಷ್ಟೇ.

"ಕ್ರಿಸ್ಮಸ್ಸಿಗೆ ಯಾವ ಹೆಣ್ಣೂ ಬೆದೆಗೆ ಬರಲ್ಲ," ಮುದುಕ ಮೆಲ್ಲಗೆ ಹೇಳಿದ. "ಅದು ಬರೋದು ಚಳಿ ಮುಗಿದ ಮೇಲೆ. ಬಂದ ಮೇಲೆ ಗಂಡಿನ ಜೊತೆ ಬಿಡಬೇಕು, ಇಲ್ಲ ಸೂಜಿ ಹಾಕಿಸಬೇಕು. ಎರಡೂ ಮಾಡ್ಲಿಲ್ಲ ಅಂದ್ರೆ ಬೆದೆ ಇಳಿಯೋದೇ ಇಲ್ಲ, ಒಳಗೆ ರಕ್ತ ಬತ್ತಿಹೋಗುತ್ತೆ. ಬಾಲದ ಕೂದಲು ಉದುರುತ್ತೆ. ವಸಡು ಕಾಗದದ ಹಾಗೆ ಬೆಳ್ಳಗಾಗುತ್ತೆ. ಮೇ, ಜೂನ್ ಹೊತ್ತಿಗೆ ಮುಗೀತು. ಮೊದಲ ಸಲ ಸಾಕೋರು ಮಾಡೋ ತಪ್ಪು ಅದೇ."

"ನಮ್ಮದಕ್ಕೆ ಅಂಥದ್ದೇನೂ ಆಗಿರ್ಲಿಲ್ಲ ಅಜ್ಜ. ಗುಂಡುಕಲ್ಲಿನ ಹಾಗಿತ್ತು! ಬಾಗಿಲು ತೆಗೆದದ್ದೇ ತಡ, ಚಂಗನೆ ಹಾರಿ ಬೇಲಿ ಆಚೆ. ಅಲ್ವಾ ಹೆಸ್ಟರ್?"

ಹೆಸ್ಟರ್ ನೆಲ ನೋಡಿದಳು. ಟ್ಯಾನ್ಸಿಯ ಬಾಲ ಬೋಳಾದಾಗ, ಕೂದಲು ಉದುರುವ ಕಾಲ ಎಂದು ಡೇಲ್ ಹೇಳಿದ್ದ. ಡಾಕ್ಟರ ಹತ್ತಿರ ಹೋಗೋಣವೇ ಎಂದು ಒಮ್ಮೆ ಕೇಳಿ, ಅವನು ನಕ್ಕ ಮೇಲೆ ಅವಳು ಮತ್ತೆ ಕೇಳಿರಲಿಲ್ಲ.

"ಗೂಡು ತೊಳೀತಿದ್ದೋರು ಯಾರು?" ಮುದುಕ ಕೇಳಿದ.

"ಇಬ್ರೂ ತೊಳೀತಿದ್ವಿ."

"ನಿನ್ನ ಕೇಳ್ಲಿಲ್ಲ." ಮುದುಕ ಅವಳತ್ತ ತಿರುಗಿದ. "ನಲವತ್ತು ವರ್ಷದಿಂದ ನನ್ನದು ಒಂದೇ ಪದ್ಧತಿ ಕಣಮ್ಮ. ಬೇಕು ಅಂತ ಬಂದವರ ಕೈಗೆ ಕೊಡಲ್ಲ. ಗೂಡು ತೊಳೆಯೋರ ಕೈಗೆ ಕೊಡ್ತೀನಿ. ಅದೂ ಅವರು ಬಾಯ್ಬಿಟ್ಟು ಹೂಂ ಅಂದ್ರೆ."

ಹಾಗೆ ಹೇಳುತ್ತಲೇ ಫೆರೆಟ್ಟನ್ನು ಕೋಟಿನಿಂದ ತೆಗೆದು ಅವಳ ತೋಳಿನ ಮೇಲಿಟ್ಟ. ಅದು ಒಂದು ಕ್ಷಣವೂ ನಿಲ್ಲಲಿಲ್ಲ. ತೋಳು ಹತ್ತಿ, ಭುಜ ದಾಟಿ, ಕತ್ತಿನ ಹಿಂದೆ ನುಗ್ಗಿ, ಕೂದಲೊಳಗೆ ಮೂತಿ ತೂರಿಸಿ, ಕಿವಿಯನ್ನು ಸಣ್ಣಗೆ ಕಚ್ಚಿತು. ಎಷ್ಟು ಬಿಸಿ! ಆ ಪುಟ್ಟ ಕಾಲುಗಳಲ್ಲಿ ಎಷ್ಟು ಕಸುವು!

"ಅವಳಿಗೆ ನಾಚಿಕೆ ಜಾಸ್ತಿ ಅಜ್ಜ. ಹೊರಗಿನವರ ಹತ್ರ ಬಾಯೇ ಬಿಡಲ್ಲ," ಡೇಲ್ ಅವಳ ಬೆನ್ನಿನ ಮೇಲೆ ಕೈಯಿಟ್ಟ. "ಹೂಂ ಅನ್ನು ಚಿನ್ನ. ಹೊತ್ತಾಯ್ತು, ಹೋಗೋಣ."

ಒಂದು ಹೂಂ. ಅಷ್ಟು ಅಂದುಬಿಟ್ಟರೆ ಎಲ್ಲವೂ ಮೊದಲಿನಂತೆಯೇ ಇರುತ್ತಿತ್ತು: ದರ್ಜಿಯ ಬಳಿಯಿರುವ ಮದುವೆಯ ಉಡುಗೆ, ಕೊಟ್ಟಾಗಿರುವ ಕರೆಯೋಲೆಗಳು, ಡೇಲನ ಮನೆಯ ಹಿತ್ತಲಿನಲ್ಲಿ ಮತ್ತೆ ತುಂಬುವ ಗೂಡು. ಮುದುಕ ಅವಸರಪಡಿಸಲಿಲ್ಲ. ಬೆನ್ನಿನ ಮೇಲಿನ ಕೈ ಮಾತ್ರ ಸ್ವಲ್ಪ ಒತ್ತಿತು.

ಹೆಸ್ಟರ್ ಫೆರೆಟ್ಟನ್ನು ಭುಜದಿಂದ ಬಿಡಿಸಿ ಮುದುಕನ ಕೈಗೆ ವಾಪಸು ಕೊಟ್ಟಳು.

"ನಾನೇ ತೊಳೀತಿದ್ದೆ," ಎಂದಳು. "ಕೊನೇ ವಾರ ಬೆರಳು ಅದ್ದಿ ನೀರನ್ನೂ ನಾನೇ ಕುಡಿಸ್ತಿದ್ದೆ. ಓಡೋದಿರ್ಲಿ, ಅದಕ್ಕೆ ಎದ್ದು ನಿಲ್ಲೋಕೂ ಆಗ್ತಿರ್ಲಿಲ್ಲ."